ಗಾಯದೊಳಗಿನ ಜೆಲ್ಲಜ್ಜಿ

ಕರುವಿನ ತೊಡೆಯಲ್ಲಿ ಅಂಗೈ ಅಗಲದ ಗಾಯ. ಅದರೊಳಗೆ ಏನು ನಡೆಯಿತು, ಊಹಿಸಿ ನೋಡೋಣ! ಆಗಲಿಲ್ಲವೇ? ಬಿಡಿ, ನಾನೇ ಹೇಳುತ್ತೇನೆ. ದನದ ಡಾಕ್ಟರು ಆ ಗುಳಿಯೊಳಗೆ ಹೈಡ್ರೋಜೆಲ್ ಎಂಬ, ನೀರು ಹೀರಿದ ಮೆತ್ತನೆಯ ಲೋಳೆ ತುಂಬಿದರು. ಅಕ್ಕಪಕ್ಕದ ಎಳೆಯ ಜೀವಕೋಶಗಳು ಅದರ ಕೈ ಹಿಡಿದು ಹತ್ತಿ, ಅಲ್ಲೇ ಸಂಸಾರ ಹೂಡಿದವು. ಅವು ಬೆಳೆದಂತೆಲ್ಲ ಜೆಲ್ ತೆಳ್ಳಗಾಗತೊಡಗಿತು.

“ಅಜ್ಜೀ, ಕರಗುತ್ತಿದ್ದೀಯಲ್ಲ! ನೀನು ಹೋದರೆ ನಾವೆಲ್ಲ ದೊಪ್ಪನೆ ಬೀಳುತ್ತೇವೆ,” ಎಂದು ಒಂದು ಕೋಶ ಅಳುತ್ತಾ ಜೆಲ್ಲನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡಿತು.

“ಹುಚ್ಚೀ, ತಾರಸಿ ಗಟ್ಟಿಯಾದ ಮೇಲೂ ಅಡಿಗೆ ಕೊಟ್ಟ ಸೆಂಟ್ರಿಂಗ್ ಹಲಗೆ ಬಿಚ್ಚದೆ ಬಿಟ್ಟವರುಂಟೇ? ನಾನು ಕೂತಿರುವ ಜಾಗ ನಿನ್ನದು ಕಣೇ. ನನ್ನನ್ನು ಬಿಟ್ಟು ಪಕ್ಕದವಳ ಕೈ ಹಿಡಿ.”

“ಅವಳ ಕೈ ಜಾರುತ್ತೆ ಅಜ್ಜೀ!”

“ನೀನು ಬಂದಾಗ ನನ್ನದೂ ಜಾರುತ್ತಿತ್ತು. ಹಿಡಿದೆಯೋ ಇಲ್ಲವೋ?”

ಕೋಶ ಅಂಜುತ್ತಲೇ ಕೈ ಚಾಚಿತು. ಪಕ್ಕದವಳು ಹಿಡಿದಳು, ಅವಳು ಇನ್ನೊಬ್ಬಳನ್ನು ಹಿಡಿದಳು. ಜೆಲ್ಲಜ್ಜಿ ನಗುನಗುತ್ತಾ ನೀರಾಗಿ ಹರಿದುಹೋದಳು. ಒಬ್ಬರೂ ಬೀಳಲಿಲ್ಲ. ಕರು ಎದ್ದು ನಿಂತು, ಗಾಯವಾಗಿದ್ದ ಅದೇ ಕಾಲಿನಿಂದ, ನೋಡಲು ಬಂದ ಡಾಕ್ಟರಿಗೆ ಸೊಗಸಾದ ಒದೆಯೊಂದನ್ನು ಕೊಟ್ಟಿತು. ಬೇಕಿದ್ದರೆ ಬರೆದಿಟ್ಟುಕೊಳ್ಳಿ, ಅಂದು ಮಾಘ ಶುದ್ಧ ಪಂಚಮಿ, ಬುಧವಾರ!