ಆರಿದ್ರಾ ನಕ್ಷತ್ರದ ಹೊಸ ಹೆಸರು

ಆರಿದ್ರಾ ನಕ್ಷತ್ರ ಮೊದಲೇ ಕೆಂಪಗಿತ್ತು, ಸಿಟ್ಟಿಗೆ ಇನ್ನಷ್ಟು ಕೆಂಪಾಯಿತು. ಮುಸ್ಸಂಜೆ ಪಡುವಣದಲ್ಲಿ ಬಗ್ಗಿ, ಒಣಗಿದ ಕೆರೆಯ ಬಿರುಕಿನಲ್ಲಿ ಕೂತಿದ್ದ ಗೊಂಟರುಗಪ್ಪೆಯನ್ನು ಗದರಿತು.

"ಏಯ್! ಆರಿದ್ರಾ ಅಂದರೆ ಒದ್ದೆಯಾದದ್ದು ಅಂತ ಅರ್ಥವಂತೆ! ನಿಮ್ಮ ಸೂರ್ಯನಂಥವರು ಕೋಟಿ ಜನ ನನ್ನ ಹೊಟ್ಟೆಯಲ್ಲಿ ಹಿಡಿಸುತ್ತಾರೆ. ಧಗಧಗ ಉರಿಯುವ ನನಗೆ ಒದ್ದೆ ಬಟ್ಟೆಯ ಹೆಸರೇ? ಇಟ್ಟವರು ಯಾರು?"

"ನಮ್ಮ ಹಿರೀಕರು, ಬುದ್ಧಿ. ಸೂರ್ಯ ನಿಮ್ಮ ಮನೆಗೆ ಬಂದಾಗ ಮಳೆ ಸುರಿದು ನೆಲ ನೆನೆಯುತ್ತದಲ್ಲ, ಅದಕ್ಕೆ."

"ನೆನೆದದ್ದು ನೆಲ, ನಾನಲ್ಲ! ಇಂದಿನಿಂದ ನನ್ನ ಹೆಸರು ಕೆಂಡ. ಹಾಗೆ ಸಾರದಿದ್ದರೆ ಸೂರ್ಯನನ್ನು ಹೊಸಿಲು ದಾಟಲು ಬಿಡೆನು."

ಮಳೆ ಬಾರದಿದ್ದರೆ ಕಪ್ಪೆಯ ವಂಶವೇ ಒಣಗಿಹೋಗಬೇಕು. ಅದು ಒಂದು ಕಣ್ಣು ಮಿಟುಕಿಸಿ, ಗಂಟಲುಬ್ಬಿಸಿ ಸಾರಿತು: "ಕೇಳ್ರಪ್ಪೋ ಕೇಳ್ರಿ! ಈ ಸಲ ಬರುವುದು ಕೆಂಡದ ಮಳೆ!"

ಕೇಳಿದ್ದೇ ತಡ, ಇರುವೆ ಗೂಡಿನ ಬಾಯಿ ಮುಚ್ಚಿತು. ನವಿಲು ಗರಿ ಮಡಚಿ ಪೊದೆ ಸೇರಿತು. ಬಿತ್ತನೆಯ ರಾಗಿ, "ನಾನು ಹುರಿದುಹೋಗಲಾರೆ" ಎಂದು ಮೂಟೆಯ ತಳಕ್ಕೆ ಇಳಿಯಿತು. ವರ್ಷವರ್ಷವೂ ಹೆಸರು ಹಿಡಿದು ಕಾಯುತ್ತಿದ್ದವರಲ್ಲಿ ಒಬ್ಬರೂ ಮೇಲೆ ನೋಡಲಿಲ್ಲ.

"ಎಲ್ಲಿ ಹೋದರು ಎಲ್ಲರೂ?" ನಕ್ಷತ್ರ ಗುಡುಗಿತು.

"ನಿಮಗೆ ಮರ್ಯಾದೆ ಕೊಡುತ್ತಿದ್ದಾರೆ ಬುದ್ಧಿ, ಬಾಗಿಲು ಹಾಕಿಕೊಂಡು."

ನಕ್ಷತ್ರ ಒಬ್ಬಂಟಿಯಾಗಿ ಬಹಳ ಹೊತ್ತು ಉರಿಯಿತು. ಕೊನೆಗೆ ಸೂರ್ಯ ಹೊಸಿಲಿಗೆ ಬಂದಾಗ ಪಕ್ಕಕ್ಕೆ ಸರಿದು ಗೊಣಗಿತು:

"ಒಳಗೆ ಬಾರಯ್ಯ. ಏಯ್ ಕಪ್ಪೆ, ಹಳೇ ಹೆಸರನ್ನೇ ಕೂಗು. ಜೋರಾಗಿ ಕೂಗು, ಇಲ್ಲಿಗೆ ಕೇಳಿಸಬೇಕು."