ಕಮಾನು ತಡೆದ ಮಜ್ಜಿಗೆ

ನನಗೆ ಕಥೆ ಹೇಳಲು ಬರುವುದಿಲ್ಲ, ಮೊದಲ ಸಲ ಬರೆಯುತ್ತಿದ್ದೇನೆ, ಕ್ಷಮಿಸಿ. ವಿಷಯವೂ ಸ್ವಲ್ಪ ನಾಚಿಕೆಯದು.

ನಮ್ಮ ಪಟ್ಟಣ ಪಂಚಾಯಿತಿ ಸಭೆ. ಕಚೇರಿ ಎದುರಿನ ಬಸ್ ನಿಲ್ದಾಣದಲ್ಲಿ ಹೂ ಮಾರುವ ಹೆಂಗಸರಿಗೆ ಶೌಚಾಲಯವೋ, ಊರ ಬಾಗಿಲಿಗೆ ಸ್ವಾಗತ ಕಮಾನೋ ಎಂಬುದು ಪ್ರಶ್ನೆ. ಎರಡಕ್ಕೂ ಅನುದಾನ ಸಾಲದು. ಅಧ್ಯಕ್ಷ ಚನ್ನವೀರಪ್ಪನವರಿಗೆ ಕಮಾನೇ ಬೇಕು. ಏಕೆಂದರೆ ಅದರ ಮೇಲೆ ಅವರ ಹೆಸರು ಬರುತ್ತದೆ.

"ಹೆಂಗಸರು ಸಂಜೆತನಕ ತಡ್ಕೊಳ್ಳಲಿ ಬಿಡ್ರೀ!" ಎಂದರು.

ಅಟೆಂಡರ್ ನಿಂಗಮ್ಮ ಮಜ್ಜಿಗೆ ತಂದಳು. ಬೇಸಿಗೆಯ ಸಭೆಗೆ ಮಜ್ಜಿಗೆ ಕೊಡುವುದು ನಮ್ಮಲ್ಲಿ ರೂಢಿ. ಅಧ್ಯಕ್ಷರ ಲೋಟ ಬರಿದಾದಾಗಲೆಲ್ಲ ತುಂಬಿದಳು. ಅವರು ಕಮಾನನ್ನು ವರ್ಣಿಸುತ್ತ ಕುಡಿಯುತ್ತಲೇ ಹೋದರು. ಆಮೇಲೆ ಮಾತು ತಡವರಿಸಿತು. ಎದ್ದು ಹಿಂದಕ್ಕೆ ಓಡಿದರು. ಕಚೇರಿಯ ಶೌಚಾಲಯಕ್ಕೆ ಬೀಗ!

"ನಿಂಗಮ್ಮಾ, ಕೀಲಿ!"

"ಹುಡುಕ್ತಾ ಇದೀನ್ರೀ ಸಾಹೇಬ್ರೆ. ಅಲ್ಲೀತನಕ ಇನ್ನೊಂದು ಲೋಟ ಮಜ್ಜಿಗೆ ಕೊಡ್ಲಾ?"

ಅಧ್ಯಕ್ಷರು ಸಭೆಗೆ ಮರಳಿ ಮೊಣಕಾಲು ಜೋಡಿಸಿ ನಿಂತರು. ಕಿಟಕಿಯಾಚೆಯಿಂದ ಹೂವಿನವರು ನೋಡುತ್ತಿದ್ದರು. ಅವರ ಮುಖ ನೋಡಲಾರದೆ ಗೋಡೆಗೆ ತಿರುಗಿ, "ಶೌಚಾಲಯಾನೇ ಆಗ್ಲಿ, ಬರ್ಕೊಳ್ರೀ!" ಎಂದು ಕಿರುಚಿದರು.

ಗುಮಾಸ್ತನಾದ ನಾನು ಬರೆದುಕೊಂಡೆ. ತಕ್ಷಣ ಕೀಲಿ ಸಿಕ್ಕಿತು, ನಿಂಗಮ್ಮನ ಸೊಂಟದಲ್ಲೇ. ಅಂದರೆ ಅದು ಕಳೆದೇ ಇರಲಿಲ್ಲ, ಅಂದರೆ ಆಕೆ ಬೇಕೆಂದೇ... ಇರಿ, ಅಧ್ಯಕ್ಷರು ಕರೆಯುತ್ತಿದ್ದಾರೆ. ಬಂದೆ ಸಾಹೇಬ್ರೆ!