ಯಾರ ಕೈಯನ್ನೂ ಹಿಡಿಯದ ಜೋಡಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮರುಳಪ್ಪ ಗುರುಗಳು ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದರು.

ಗುರುಗಳ ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಹಾಗಾಗಿ ಅಲ್ಲಿನ ಪರೀಕ್ಷೆಯ ರೀತಿಯೇ ಬೇರೆ. ಗುರುಗಳು ಒಂದು ಅಣುವಿನ ಹೆಸರು ಹೇಳುತ್ತಾರೆ. ಅದರ ಆಕಾರ ಹೇಗಿದ್ದೀತು ಎಂದು ಶಿಷ್ಯ ಊಹಿಸಿ, ಹೊಳೆಯ ಜೇಡಿಮಣ್ಣಿನ ಉಂಡೆಗಳಿಗೆ ಬಿದಿರುಕಡ್ಡಿ ಚುಚ್ಚಿ ಮಾಡಿ ತರಬೇಕು. ಕಡ್ಡಿಗಳ ನಡುವೆ ಬೆರಳಾಡಿಸಿ ಗುರುಗಳು ಕೋನ ನೋಡುತ್ತಾರೆ.

ಸರಿಯಿದ್ದರೆ "ಬೆರಳು ಒಪ್ಪಿತು" ಎನ್ನುತ್ತಾರೆ. ತಪ್ಪಿದ್ದರೆ ಎಲ್ಲವನ್ನೂ ಹಿಸುಕಿ ಮುದ್ದೆ ಮಾಡಿ ವಾಪಸು ಕೊಡುತ್ತಾರೆ. ಆ ಮುದ್ದೆಯನ್ನು ಕೈಯಲ್ಲಿ ಹಿಡಿದು ಮುಖ ಸಪ್ಪಗೆ ಮಾಡಿಕೊಂಡು ಹೋಗದ ಶಿಷ್ಯ ಆಶ್ರಮದಲ್ಲಿ ಒಬ್ಬನೂ ಇರಲಿಲ್ಲ.

ಅವರು ಕಲಿಸಿದ ಸೂತ್ರ ಮಾತ್ರ ಬಹಳ ಸುಲಭದ್ದು. "ಎಲ್ಲರಿಗೂ ಅವರವರ ಜಾಗ ಬೇಕು. ಯಾರು ಯಾರನ್ನ ಎಷ್ಟು ತಳ್ತಾರೆ ಅಂತ ನೋಡು. ಆಕಾರ ತಾನಾಗೇ ಬರುತ್ತೆ."

ಈರಭದ್ರನಿಗೆ ಈ ವಿದ್ಯೆ ಬೇಗ ಹತ್ತಿತ್ತು. ಇಂಗಾಲಕ್ಕೆ ನಾಲ್ಕು ಜಲಜನಕ ಅಂಟಿದರೆ ಅವು ಆದಷ್ಟು ದೂರ ದೂರ ಚಾಚಿಕೊಂಡು ಮೀಥೇನ್ ಆಗುತ್ತದೆ ಎಂಬುದನ್ನು ಅವನು ಒಂದೇ ಸಲಕ್ಕೆ ಮಾಡಿ ತೋರಿಸಿದ್ದ. ಗುರುಗಳು ಅವನ ಬೆನ್ನು ತಟ್ಟಿದ್ದರು.

ಆದರೆ ಅವನಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡಿದ್ದರು.

ವರ್ಷಕ್ಕೊಮ್ಮೆ ಆಶ್ರಮದಲ್ಲಿ ನೆಂಟರ ದಿನ. ಶಿಷ್ಯರ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಆ ದಿನ ಈರಭದ್ರ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಬಿಂದಿಗೆ ಹಿಡಿದು ಎಲ್ಲರಿಗೂ ನೀರು ಬಡಿಸುತ್ತಿದ್ದ. ನೀರು ಬಡಿಸುವವನನ್ನು ನಿನ್ನ ಕಡೆಯವರು ಎಲ್ಲಿ ಎಂದು ಯಾರೂ ಕೇಳುವುದಿಲ್ಲ.

ಈ ವರ್ಷ ಅದೂ ಅವನಿಗೆ ಬೇಡವಾಯಿತು. ನೆಂಟರ ದಿನ ಬೆಳಗ್ಗೆಯೇ ಬಟ್ಟೆ ಗಂಟು ಕಟ್ಟಿ ಗುರುಗಳ ಮುಂದೆ ನಿಂತ.

"ಗುರುಗಳೇ, ನಾನು ಹೊರಡ್ತೀನಿ."

"ಎಲ್ಲಿಗೆ?"

"ಎಲ್ಲಿಗಾದ್ರೂ."

"ಅದು ಭಾರಿ ದೊಡ್ಡ ಊರು," ಎಂದರು ಗುರುಗಳು. "ವಾಪಸು ಬರೋದು ಯಾವಾಗ?"

"ಬರಲ್ಲ. ನಾನಿದ್ರೂ ಇಲ್ಲದಿದ್ರೂ ಇಲ್ಲಿ ಏನೂ ವ್ಯತ್ಯಾಸ ಆಗಲ್ಲ ಗುರುಗಳೇ."

ಗುರುಗಳು ಬೇಡ ಎನ್ನಲಿಲ್ಲ. ಈರಭದ್ರನಿಗೆ ಒಳಗೆಲ್ಲೋ ಚುರುಕ್ಕೆಂದಿತು. ಗಂಟು ಕಟ್ಟಿ ನಿಂತವನಿಗೂ ಯಾರಾದರೂ ತಡೆಯಲಿ ಎಂಬ ಆಸೆ ಇದ್ದೇ ಇರುತ್ತದೆ.

"ಆಗಲಿ. ಹೊರಡೋರು ಕೊನೇದಾಗಿ ಒಂದು ಅಣು ಮಾಡಿ ನನ್ನ ಕೈಗೆ ಕೊಡಬೇಕು ಅನ್ನೋದು ನಿಂಗೆ ಗೊತ್ತಲ್ಲ. ನೀರು ಮಾಡಿಕೊಡು."

ಇಷ್ಟೇ ತಾನೆ ಎಂದುಕೊಂಡ ಈರಭದ್ರ. ಗಂಟು ಹೆಗಲಿನಿಂದ ಇಳಿಸಲೂ ಇಲ್ಲ. ನಡುವೆ ಆಮ್ಲಜನಕದ ದೊಡ್ಡ ಉಂಡೆ, ಆಚೆಗೊಂದು ಈಚೆಗೊಂದು ಜಲಜನಕದ ಸಣ್ಣ ಉಂಡೆ. ಮಾಡಿ ಗುರುಗಳ ಕೈಗಿಟ್ಟ.

ಗುರುಗಳು ಬೆರಳಾಡಿಸಿದರು. "ನೆಟ್ಟಗಿದೆ."

"ಹೌದು. ಇರೋದು ಎರಡೇ. ಒಂದನ್ನೊಂದು ತಳ್ಳಿದ್ರೆ ಎದುರುಬದುರು ನಿಲ್ಲಬೇಕಲ್ವಾ?"

"ಎಲ್ಲಿ, ಹೊರಗೆ ಹೋಗಿ ಹೊಳೆ ಇದೆಯಾ ನೋಡ್ಕೊಂಡು ಬಾ."

ಗುರುಗಳು ಹೇಳಿದ ಮೇಲೆ ಮುಗಿಯಿತು. ಈರಭದ್ರ ಹೋಗಿ ನೋಡಿ ಬಂದ. "ಇದೆ ಗುರುಗಳೇ."

"ಇರಬಾರದಿತ್ತಲ್ಲ! ನೀರಿನ ಅಣು ಹೀಗೆ ನೆಟ್ಟಗಿದ್ದಿದ್ರೆ ಒಂದಕ್ಕೊಂದು ಅಂಟಿಕೊಳ್ತಾನೇ ಇರಲಿಲ್ಲ. ಹೊಳೆಗೆ ಹೊಳೆಯೇ ಆವಿಯಾಗಿ ಹಾರಿಹೋಗಿರೋದು. ಹಾಗಾದ್ರೆ ಬೆಳಗ್ಗೆ ನಾನು ಸ್ನಾನ ಮಾಡಿದ್ದು ಯಾವುದರಲ್ಲಪ್ಪಾ?"

ಈರಭದ್ರ ಗುರುಗಳ ಕೈಯಲ್ಲಿದ್ದ ತನ್ನ ಅಣುವನ್ನು ನೋಡಿದ. ಗುರುಗಳು ಅದನ್ನು ಮುದ್ದೆ ಮಾಡಲಿಲ್ಲ. ಹಾಗೆಯೇ ಅವನ ಅಂಗೈಗೆ ವಾಪಸಿಟ್ಟರು.

"ಈ ಆಮ್ಲಜನಕದ ಸುತ್ತ ಎಲೆಕ್ಟ್ರಾನುಗಳ ಜೋಡಿ ಎಷ್ಟಿವೆ?"

"ನಾಲ್ಕು."

"ಒಂದೊಂದು ಕಡ್ಡಿಯೂ ಒಂದೊಂದು ಜೋಡಿ. ಎಷ್ಟು ಚುಚ್ಚಿದೀಯ?"

"ಎರಡು."

"ಉಳಿದ ಎರಡು ಜೋಡಿ ಎಲ್ಲಿ ಹೋದವು?"

"ಅವು ಯಾರ ಕೈಯನ್ನೂ ಹಿಡಿದಿಲ್ಲ ಗುರುಗಳೇ. ಅವಕ್ಕೆ ಆ ಕಡೆ ಯಾರೂ ಇಲ್ಲ. ಅದಕ್ಕೇ..." ಅವನು ಹೆಗಲ ಗಂಟನ್ನು ಸರಿಮಾಡಿಕೊಂಡ. "ಅದಕ್ಕೇ ಲೆಕ್ಕಕ್ಕೆ ಹಿಡೀಲಿಲ್ಲ."

ಗುರುಗಳ ಕಣ್ಣು ಮಂಜಾಗಿತ್ತೇ ಹೊರತು ಕಿವಿ ಚೆನ್ನಾಗಿಯೇ ಇತ್ತು.

"ಗಂಟು ಕೆಳಗಿಡು. ಎರಡು ಕೈಯೂ ಬೇಕು ಇದಕ್ಕೆ. ಅವೆರಡನ್ನೂ ಹಚ್ಚು."

ಈರಭದ್ರ ಆಮ್ಲಜನಕದ ಉಂಡೆಗೆ ಹುಣಸೆಬೀಜದಷ್ಟು ಮಣ್ಣನ್ನು ಎರಡು ಕಡೆ ಮೆತ್ತಿದ. ಗುರುಗಳು ಮುಟ್ಟಿ ನೋಡಿದರು.

"ಇಷ್ಟೇನಾ?"

"ಯಾರೂ ಇಲ್ಲದವಕ್ಕೆ ಇಷ್ಟು ಜಾಗ ಸಾಕಾಗಲ್ವಾ?"

"ಕೈ ಹಿಡಿದ ಜೋಡಿಯನ್ನ ಎಳೆಯೋರು ಎಷ್ಟು ಜನ?"

"ಇಬ್ಬರು. ಆಮ್ಲಜನಕವೂ ಎಳೆಯುತ್ತೆ, ಜಲಜನಕವೂ ಎಳೆಯುತ್ತೆ."

"ಅದಕ್ಕೇ ಅದು ನಡುವೆ ಸಪೂರವಾಗಿ ಚಾಚಿಕೊಂಡಿರುತ್ತೆ. ಒಂದು ಕಾಲು ಇಲ್ಲಿ, ಒಂದು ಕಾಲು ಮನೆಯಲ್ಲಿ. ಈ ಎರಡನ್ನ ಎಳೆಯೋರು?"

"ಆಮ್ಲಜನಕ ಒಂದೇ."

"ಹಾಗಾದ್ರೆ ಇವು ಯಾರವು?"

ಈರಭದ್ರ ಯೋಚಿಸಿದ. "ಅದರವೇ. ಪೂರ್ತಿ ಅದರವೇ."

"ಎಲ್ಲಿರ್ತಾವೆ?"

"ಅದರ ಪಕ್ಕದಲ್ಲೇ. ಹತ್ತಿರದಲ್ಲಿ."

"ಹತ್ತಿರದಲ್ಲೇ ಆರಾಮಾಗಿ ಹರಡಿಕೊಂಡು ಕೂತು, ಕೈ ಹಿಡಿದವರನ್ನೇ ಆಚೆ ತಳ್ತಾವೆ. ಈಗ ಮಾಡು ನೋಡೋಣ."

ಈರಭದ್ರ ಎರಡು ಹಿಡಿ ಮಣ್ಣು ತೆಗೆದುಕೊಂಡು ಮೆತ್ತಿದ. ನೆಟ್ಟಗಿದ್ದ ಕಡ್ಡಿಗಳಿಗೆ ಜಾಗ ಸಾಲದೆ ಅವು ಮೆಲ್ಲಗೆ ಬಾಗಿ ಒಂದರ ಹತ್ತಿರಕ್ಕೆ ಒಂದು ಬಂದವು. ಅವನು ಬಾಗಿಸಿರಲಿಲ್ಲ. ಅವನ ಕಣ್ಣೆದುರೇ ಅದು ನೀರಾಯಿತು. ಒಂದು ಕ್ಷಣ ಅವನು ತನ್ನ ಗಂಟನ್ನೂ ಮರೆತ.

ಗುರುಗಳು ಎರಡು ಕಡ್ಡಿಗಳ ನಡುವೆ ಬೆರಳಿಟ್ಟರು. "ಕೋನ ಮೀಥೇನಿಗಿಂತ ಚೂರು ಕಿರಿದು. ಬೆರಳು ಒಪ್ಪಿತು."

ಅಷ್ಟರಲ್ಲಿ ಅಂಗಳ ತುಂಬಿತ್ತು. ನೆಂಟರು ಬಂದಾಗಿತ್ತು.

"ಇನ್ನು ಹೊರಡ್ಲಾ ಗುರುಗಳೇ?"

"ಹೊರಡುವಂತೆ. ಊಟದ ಹೊತ್ತಿಗೆ ಯಾರಾದ್ರೂ ಹಸಿದು ಹೋಗ್ತಾರಾ?"

ಊಟದ ಮನೆಯಲ್ಲಿ ಉದ್ದಕ್ಕೆ ಚಾಪೆ ಹಾಸಿ ಎಲೆ ಹಾಕಿದ್ದರು. ಅಮ್ಮಂದಿರು ತಮ್ಮ ತಮ್ಮ ಮಕ್ಕಳ ಎಲೆಗೆ ಬುತ್ತಿಯಿಂದ ಕಡುಬು, ಹೋಳಿಗೆ ಹಾಕುತ್ತಿದ್ದರು. ಪಂಕ್ತಿಯ ನಡುವೆ ಗುರುಗಳು. ಅವರ ಎಡಬಲಕ್ಕೆ ಊರಿನ ದೊಡ್ಡವರು ಒತ್ತೊತ್ತಾಗಿ ಕೂತಿದ್ದರು. ಗುರುಗಳ ಪಕ್ಕದಲ್ಲಿ ಕೂರಲು ಎಲ್ಲರಿಗೂ ಆಸೆ.

ಈರಭದ್ರ ಗಂಟನ್ನು ಬಾಗಿಲ ಮರೆಯಲ್ಲಿಟ್ಟು, ರೂಢಿಯಂತೆ ಬಿಂದಿಗೆ ಎತ್ತಿಕೊಂಡ. ಒಂದೊಂದೇ ಲೋಟಕ್ಕೆ ನೀರು ಬಡಿಸುತ್ತಾ ಬಂದ. ಗುರುಗಳ ಲೋಟಕ್ಕೆ ಬಗ್ಗಿದಾಗ ಅವರು ಅವನ ಮುಂಗೈ ಹಿಡಿದುಕೊಂಡರು.

"ಬಿಂದಿಗೆ ಇಡು. ಕೂತ್ಕೋ ಇಲ್ಲಿ, ನನ್ನ ಪಕ್ಕ."

ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಜಾಗ ಇಲ್ಲ ಗುರುಗಳೇ. ನಾನು ಆಮೇಲೆ ಮೂಲೆಯಲ್ಲಿ ಎಲ್ಲಾದ್ರೂ ಕೂತ್ಕೋತೀನಿ. ನನಗೆಷ್ಟು ಜಾಗ ಬೇಕು?"

ಗುರುಗಳು ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ತಮ್ಮ ಪಕ್ಕದ ಚಾಪೆಯನ್ನು ತಟ್ಟುತ್ತಾ ಪಂಕ್ತಿಯ ಕಡೆ ತಿರುಗಿದರು.

"ಎಲ್ಲರೂ ಕೊಂಚ ಆಚೆ ಸರಕೊಳ್ಳಿ. ಇವನು ಪೂರ್ತಿ ನನ್ನೋನು, ಇವನಿಗೆ ಜಾಗ ಜಾಸ್ತಿ ಬೇಕು."